ಕಂಬ ಸಂಖ್ಯೆ ಒಂದು

ಇಪ್ಪತ್ತಾರು ವರ್ಷ ನಾನು ನಮ್ಮೂರ ನ್ಯಾಯಾಲಯದಲ್ಲಿ ಹಾಳೆ ತಿರುವುವ ದಫೇದಾರನಾಗಿದ್ದೆ. ಅದರಲ್ಲಿ ಇಪ್ಪತ್ತೈದು ವರ್ಷ ಒಂದೇ ಒಂದು ಹಾಳೆಯನ್ನೂ ತಿರುವಿದವನಲ್ಲ. ಮೈಗಳ್ಳ ಎಂದು ಬೈಯುವ ಮೊದಲು ಸ್ವಲ್ಪ ಕೇಳಿ. ತೀರ್ಪು ಓದುವಾಗ ನ್ಯಾಯಾಧೀಶರು ಹಾಳೆಯನ್ನು ಕೈಯಿಂದ ಮುಟ್ಟಬಾರದು ಎಂಬುದು ನಮ್ಮಲ್ಲಿ ಹಳೆಯ ಪದ್ಧತಿ. ಮುಟ್ಟಿದರೆ, ಓದುತ್ತಾ ಓದುತ್ತಾ ತಿದ್ದಿಬಿಟ್ಟರು ಎಂದು ಸೋತವರು ಗುಲ್ಲೆಬ್ಬಿಸುತ್ತಾರೆ. ಅದಕ್ಕೇ ಅವರ ಬಲಗಡೆ ಜರಿಪಟ್ಟಿ ಹಾಕಿಕೊಂಡ ಒಬ್ಬ ದಫೇದಾರ ನಿಂತು ಹಾಳೆ ತಿರುವಬೇಕು. ಎದುರಿಗೆ ಬಂದದ್ದನ್ನು ಅವರು ಓದಬೇಕು. ಓದಿದ ಮಾತು ಓದಿದ ಗಳಿಗೆಯಿಂದಲೇ ಜಾರಿ. ತಿರುವಿದ ಹಾಳೆ ಹಿಂದಕ್ಕೆ ಬರುವಂತಿಲ್ಲ. ಕೊನೆಯ ಹಾಳೆಗೆ ಮೊಹರು ಬಿದ್ದರೆ ಮುಗಿಯಿತು, ಓದದೆ ಉಳಿದದ್ದು ರದ್ದಿ. ಆದರೆ ಆ ಇಪ್ಪತ್ತೈದು ವರ್ಷದ ನ್ಯಾಯಾಧೀಶರ ತೀರ್ಪು ಒಂದು ಹಾಳೆ ದಾಟಿದ್ದೇ ಇಲ್ಲ. ನಾನಾದರೂ ಏನು ತಿರುವಲಿ?

ಬೇರೆ ಊರುಗಳಲ್ಲಿ ಇಲಾಖೆಯವರು ಕಾಯಿದೆಗೆ ಒಂದು ಅರ್ಥ ಹೇಳಿದರೆ ಅದು ಕಡತದೊಳಗೆ ತೂಕಡಿಸುತ್ತಾ ಬಿದ್ದಿರುತ್ತದಂತೆ. ನಮ್ಮಲ್ಲಿ ಹಾಗಲ್ಲ. ಇಲಾಖೆ ಹೇಳಿದ ಅರ್ಥವನ್ನು ಚಾವಡಿಯ ಹಲಗೆಗೆ ಅಂಟಿಸಿ ಮೊಹರು ಒತ್ತಿದರೆ, ಅಲ್ಲಿಂದಾಚೆಗೆ ಲೋಕ ಅದರಂತೆಯೇ ನಡೆಯುತ್ತದೆ. ಹಲಸು ತರಕಾರಿ ಎಂದು ತೋಟದ ಇಲಾಖೆಯವರು ಅಂಟಿಸಿದ ವರ್ಷದಿಂದ ನಮ್ಮೂರಲ್ಲಿ ಹಲಸು ಹಣ್ಣಾಗಿಲ್ಲ. ಮೂವತ್ತು ವರ್ಷದಿಂದ ಹುಳಿ, ಪಲ್ಯ, ಹಪ್ಪಳ. ಸಂಜೆ ಎಂದರೆ ನಾಲ್ಕು ಗಂಟೆ ಎಂದು ದೀಪದ ಇಲಾಖೆಯವರು ಅಂಟಿಸಿದ ಮೇಲೆ ನಾಲ್ಕು ಹೊಡೆದರೆ ಕತ್ತಲೆ. ಮೊದಮೊದಲು ಜನ ಎಡವಿ ಬಿದ್ದರು. ಆಮೇಲೆ ಹೆಂಗಸರು ಮೂರೂವರೆಗೇ ಒಲೆ ಹಚ್ಚತೊಡಗಿದರು, ಕೋಳಿಗಳು ಮೂರೂಮುಕ್ಕಾಲಿಗೆ ಗೂಡು ಸೇರತೊಡಗಿದವು, ಕಚೇರಿಗಳೂ ನಾಲ್ಕಕ್ಕೆ ಬಾಗಿಲು ಹಾಕಿದವು. ರೂಢಿಯಾದರೆ ಬೇವಿನೆಣ್ಣೆಯಲ್ಲೂ ಒಗ್ಗರಣೆ ಹಾಕಬಹುದು.

ನನ್ನಣ್ಣ ಹೊನ್ನಯ್ಯನ ಕತೆ ಮಾತ್ರ ನನಗೆ ರೂಢಿಯಾಗಲಿಲ್ಲ. ಅವನು ಸಂತೆಮಾಳದಲ್ಲಿ ಹಮಾಲಿ. ಒಂದು ವರ್ಷ ಪಶು ಇಲಾಖೆಯವರಿಗೆ ಲಸಿಕೆ ಹಾಕಿಸಿಕೊಂಡ ಪ್ರಾಣಿಗಳ ಲೆಕ್ಕ ಕಡಿಮೆ ಬಿತ್ತು. ಹೊರೆ ಹೊರುವ ಪ್ರಾಣಿಗಳ ಕಾಯಿದೆಯಲ್ಲಿ ಸಂತೆಯ ಹಮಾಲಿಗಳೂ ಸೇರುತ್ತಾರೆ ಎಂದು ಅಂಟಿಸಿದರು. ನಲವತ್ತಮೂರು ಜನಕ್ಕೆ ಸೂಜಿ ಚುಚ್ಚಿದ್ದು ಹೋಗಲಿ, ಆ ದಿನದಿಂದ ಅವರಿಗೆ ಅನ್ನ ಮುದ್ದೆ ಬಾಯಿಗೆ ಸೇರದೆ ಹೋಯಿತು. ಮುದ್ದೆ ಮುರಿದು ಬಾಯಿಗಿಟ್ಟರೆ ಮಣ್ಣು ಕಚ್ಚಿದಂತೆ. ಸೇರುವುದು ಹುಲ್ಲು ಒಂದೇ. ನಮ್ಮತ್ತಿಗೆ ಹುಲ್ಲನ್ನು ಸೊಪ್ಪು ಸೋಸುವ ಹಾಗೆ ಸೋಸಿ, ತೊಳೆದು, ತಟ್ಟೆಗೆ ಹಾಕಿ ಮುಂದಿಡುತ್ತಿದ್ದಳು. ಒಗ್ಗರಣೆ ಹಾಕಿಯೂ ನೋಡಿದಳು, ಸೇರಲಿಲ್ಲ. ಅಣ್ಣ ಗೋಡೆಯ ಕಡೆ ಮುಖ ಮಾಡಿ ಕೂತು ತಿನ್ನುತ್ತಿದ್ದ. ಹನ್ನೊಂದು ವರ್ಷದಿಂದ ಅವನು ಒಂದು ಮದುವೆ ಊಟಕ್ಕೂ ಹೋದವನಲ್ಲ.

ನ್ಯಾಯಾಲಯ ಇರಲಿಲ್ಲವೇ ಎನ್ನುತ್ತೀರಿ. ಇತ್ತು, ಇಲಾಖೆಯ ಅರ್ಥವನ್ನು ಕಿತ್ತುಹಾಕುವ ಅಧಿಕಾರ ಇದ್ದದ್ದೂ ಅದಕ್ಕೊಂದಕ್ಕೇ. ಕಾಯಿದೆ ಪುಸ್ತಕವನ್ನು ದಿನಾ ಬೆಳಿಗ್ಗೆ ನಾನೇ ಕೆಂಪು ವಸ್ತ್ರದಲ್ಲಿ ಹೊತ್ತು ತಂದು ಮೇಜಿನ ಮೇಲಿಡುತ್ತಿದ್ದೆ. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ, ಚೆಂಡುಹೂವು, ಕುಂಬಳಕಾಯಿ. ಬಿಚ್ಚುವ ಪದ್ಧತಿ ಮಾತ್ರ ಇರಲಿಲ್ಲ. ಅರ್ಜಿ ಬಂದರೆ ಹಳೆಯ ನ್ಯಾಯಾಧೀಶರು ಇಲಾಖೆಯವರನ್ನು ಕರೆಸಿ, "ಇದು ನಿಮ್ಮ ಅರ್ಥವೋ?" ಎಂದು ಕೇಳುವರು. "ಹೌದು ಸ್ವಾಮಿ." "ಬೇರೆ ಅರ್ಥವೂ ಇರಬಹುದೋ?" "ಇರಬಹುದು ಸ್ವಾಮಿ." "ಹಾಗಾದರೆ ಇದೂ ಇರಬಹುದು. ಅರ್ಜಿ ವಜಾ." ಆಮೇಲೆ ಅರ್ಜಿದಾರನ ಕಡೆ ತಿರುಗಿ, "ಅವರು ದಿನಾ ಅದೇ ಕೆಲಸ ಮಾಡೋರಪ್ಪ, ಅವರಿಗೆ ಗೊತ್ತಿರುತ್ತೋ ನನಗೆ ಗೊತ್ತಿರುತ್ತೋ?" ಎಂದು ಸಮಾಧಾನವನ್ನೂ ಹೇಳುವರು. ಬಹಳ ಒಳ್ಳೆಯ ಮನುಷ್ಯ. ಅಣ್ಣನ ಅರ್ಜಿ ವಜಾ ಮಾಡಿದ ದಿನ ಅವನ ಬೆನ್ನು ತಟ್ಟಿ ಕಳಿಸಿದ್ದರು.

ಇನ್ನು ದೋಣಿಯ ಸಮಾಚಾರ. ನಮ್ಮೂರ ಹೊಳೆಗೆ ಸೇತುವೆಯಿಲ್ಲ. ಅಂಬಿಗರ ನಿಂಗಯ್ಯ ದೋಣಿ ನಡೆಸುತ್ತಿದ್ದ, ಜನ ಆಚೆ ದಡಕ್ಕೆ ಹೋಗಿಬಂದು ಮಾಡುತ್ತಿದ್ದರು. ವರ್ಷಕ್ಕೊಂದು ಸೇತುವೆ ಆಗಲೇಬೇಕು ಎಂದು ಸೇತುವೆ ಇಲಾಖೆಗೆ ಮೇಲಿನಿಂದ ಆದೇಶ ಬಂತು. ಅಲ್ಲಿ ಚಿದಂಬರಯ್ಯ ಎಂಬ ಅರ್ಥಾಧಿಕಾರಿ ಇದ್ದರು. ಕಾಯಿದೆಗೆ ಅರ್ಥ ಹೇಳುವುದೇ ಅವರ ಉದ್ಯೋಗ. ಅವರು ಎರಡು ದಿನ ಹೊಳೆ ದಡದಲ್ಲಿ ಕೊಡೆ ಹಿಡಿದು ನಿಂತು ಯೋಚಿಸಿ, ಜನರನ್ನು ದಡದಿಂದ ದಡಕ್ಕೆ ದಾಟಿಸುವುದೆಲ್ಲ ಸೇತುವೆಯೇ, ಆದ್ದರಿಂದ ದೋಣಿಯೂ ಸೇತುವೆ ಎಂದು ಅಂಟಿಸಿದರು. ಯುಗಾದಿ ಕಳೆದ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ ಮೊಹರು ಬಿತ್ತು. ಆಗ ದೋಣಿ ನಡು ಹೊಳೆಯಲ್ಲಿತ್ತು. ಅಲ್ಲಿಯೇ ನಿಂತಿತು. ಸೇತುವೆ ಓಡಾಡುವುದುಂಟೇ?

ಬೇಸಿಗೆ, ಸೊಂಟದುದ್ದ ನೀರು. ಕೂತಿದ್ದವರು ಇಳಿದು ನಡೆದು ದಡ ಸೇರಿದರು. ನಿಂಗಯ್ಯ ಮಾತ್ರ ದೋಣಿಯ ತುದಿಯಲ್ಲಿ ನಿಂತು, ಬಿದಿರ ಗಳ ನೀರಿಗೆ ಊರಿಕೊಂಡು, ಇದೇನಪ್ಪಾ ಎಂದು ನೋಡುತ್ತಿದ್ದ. ಸೇತುವೆ ಮೇಲೆ ನಿಂತಿರುವ ಈ ಮನುಷ್ಯ ಏನು ಎಂದು ಮೇಲಿನ ಕಚೇರಿಯವರು ಕೇಳಿದರು. ಸೇತುವೆಯ ಮೇಲಿಂದ ಹೊಳೆಯ ತಳದವರೆಗೆ ಆಧಾರ ಊರಿ ನಿಂತಿರುವುದು ಕಂಬ ಎಂದು ಚಿದಂಬರಯ್ಯ ಮಾರನೆಯ ದಿನ ಇನ್ನೊಂದು ಚೀಟಿ ಅಂಟಿಸಿದರು. ಅಷ್ಟೇ, ನಿಂಗಯ್ಯನ ಕಾಲು ಕದಲಲಿಲ್ಲ. ಬಾಯಿ ಆಡುತ್ತಿತ್ತು, ಕಣ್ಣು ನೋಡುತ್ತಿತ್ತು, ಹೊಟ್ಟೆ ಹಸಿಯುತ್ತಿತ್ತು. ಕಾಲೊಂದು ಬರಲೊಲ್ಲದು. ಗರಡಿ ಮನೆಯಿಂದ ಆರು ಪೈಲ್ವಾನರು ಬಂದು ಎತ್ತಿ ನೋಡಿ, ಆರೂ ಜನ ಬೆನ್ನು ಹಿಡಿಸಿಕೊಂಡು ಹೋದರು.

ಜನ ಇದಕ್ಕೂ ಹೊಂದಿಕೊಂಡರು. ಇಲಾಖೆಯವರು ರಿಬ್ಬನ್ನು ಕತ್ತರಿಸಿ ಸೇತುವೆ ಉದ್ಘಾಟಿಸಿದರು. ಈ ದಡದವರು ನೀರಿಗಿಳಿದು ಹೋಗಿ ಸೇತುವೆ ಹತ್ತಿ, ಹನ್ನೆರಡು ಅಡಿ ನಡೆದು, ಆ ಕಡೆ ಇಳಿದು, ಮತ್ತೆ ನೀರಲ್ಲಿ ನಡೆದು ಆ ದಡ ಸೇರುತ್ತಿದ್ದರು. ಸೇತುವೆ ಬಿಟ್ಟು ಪಕ್ಕದಲ್ಲಿ ನಡೆದವರಿಗೆ ದಂಡ. ನಿಂಗಯ್ಯನ ಕಾಲಿಗೆ ಕಪ್ಪು ಹಳದಿ ಪಟ್ಟೆ ಬಳಿದು, ಎದೆಯ ಮೇಲೆ ‘ಕಂಬ ಸಂಖ್ಯೆ ೧’ ಎಂದು ಬರೆದರು. ಬೆನ್ನಿಗೆ ಯಾರೋ ಸಿನಿಮಾ ಪೋಸ್ಟರು ಅಂಟಿಸಿದರು. ಅವನ ಹೆಂಡತಿ ಕೆಂಪಾಜಮ್ಮ ಹೊತ್ತು ಹೊತ್ತಿಗೆ ಬುತ್ತಿ ತಲೆಯ ಮೇಲಿಟ್ಟುಕೊಂಡು ನೀರಲ್ಲಿ ನಡೆದು ಹೋಗಿ, ಪೋಸ್ಟರು ಕಿತ್ತೆಸೆದು, ಅವನಿಗೆ ತುತ್ತು ಮಾಡಿ ಉಣಿಸಿ ಬರುತ್ತಿದ್ದಳು. ನಿಂಗಯ್ಯ ಮೊದಲಿನಿಂದ ಬಾಯಿಬಡುಕ. ನಿಂತಲ್ಲೇ ಊರ ಸುದ್ದಿಯನ್ನೆಲ್ಲ ಕೇಳಿಸಿಕೊಂಡು, "ಲೇ, ಕಂಬಕ್ಕೆ ಒಂದು ಬೀಡಿ ಹಚ್ರೋ," ಎಂದು ನಗಿಸುತ್ತಿದ್ದ. ಆದರೆ ಮುಂಗಾರು ಹತ್ತಿರ ಬಂದಂತೆ ನಗು ಕಡಿಮೆಯಾಯಿತು. ದೋಣಿಯಾದರೆ ನೀರು ಏರಿದಂತೆ ತಾನೂ ಏರುತ್ತದೆ. ಸೇತುವೆ ಏರುವುದಿಲ್ಲ. ಕಂಬವೂ ಏರುವುದಿಲ್ಲ.

ಕೆಂಪಾಜಮ್ಮ ಅರ್ಜಿ ಕೊಟ್ಟಳು. "ಅದು ದೋಣಿ ಬುದ್ಧಿ. ಅವ್ನು ನನ್ ಗಂಡ. ಇನ್ನೇನ್ ಹೇಳ್ಲಿ?" ಎಂದಳು. ಹಳೆಯ ನ್ಯಾಯಾಧೀಶರು ಚಿದಂಬರಯ್ಯನವರನ್ನು ಆ ಎರಡು ಪ್ರಶ್ನೆ ಕೇಳಿದರು. ಅರ್ಜಿ ವಜಾ. ಅರ್ಧ ಹಾಳೆ ಖಾಲಿಯೇ ಉಳಿಯಿತು. ಹೊರಗೆ ಜಗುಲಿಯ ಮೇಲೆ ಅವಳು ನನ್ನನ್ನು ಹಿಡಿದು ನಿಲ್ಲಿಸಿ, "ಜವರಣ್ಣ, ಆ ಪುಸ್ತಕದಾಗೆ ಏನ್ ಬರ್ದೈತೆ ಅಂತ ಒಂದ್ಸಲ ಬಿಚ್ಚಿ ನೋಡಾಕೇನು ಅವ್ರಿಗೆ?" ಎಂದು ಕೇಳಿದಳು. "ಪದ್ಧತಿ ಇಲ್ಲ ಕಣವ್ವ," ಎಂದೆ. ಹಾಗೆಂದದ್ದಕ್ಕೆ ನನಗೇ ನಾಚಿಕೆಯಾಯಿತು.

ಮುಂದಿನ ತಿಂಗಳು ಆ ನ್ಯಾಯಾಧೀಶರು ನಿವೃತ್ತರಾದರು. ವಿಮಲಾಕ್ಷಿ ಎಂಬ ಹೆಣ್ಣುಮಗಳು ನ್ಯಾಯಾಧೀಶೆಯಾಗಿ ಬಂದರು. ಸಣ್ಣ ಆಳು, ದಪ್ಪ ಕನ್ನಡಕ, ನಗು ಕಡಿಮೆ. ಬಂದ ಮೊದಲ ದಿನವೇ ಕೆಂಪು ವಸ್ತ್ರ ಬಿಚ್ಚಿ ಪುಸ್ತಕ ತೆರೆದರು. ನಲವತ್ತು ವರ್ಷದ ಕುಂಕುಮ ಮುಖಕ್ಕೆ ಹಾರಿ ಏಳು ಸಲ ಸೀನಿದರು. ಕೆಂಪಾಜಮ್ಮನ ಎರಡನೆಯ ಅರ್ಜಿ ಮುಂದೆ ಬಂದಾಗ ಚಿದಂಬರಯ್ಯನವರು ಅಭ್ಯಾಸಬಲದಿಂದ, "ಬೇರೆ ಅರ್ಥವೂ ಇರಬಹುದು ಅಮ್ಮ," ಎಂದು ಕೇಳುವ ಮೊದಲೇ ಹೇಳಿದರು. "ಇರಬಹುದೋ ಬಿಡಬಹುದೋ ನನಗೆ ಬೇಡ. ಸರಿಯಾದ ಅರ್ಥ ಯಾವುದು?" ಎಂದರು ವಿಮಲಾಕ್ಷಿಯಮ್ಮ. ಚಿದಂಬರಯ್ಯ ಆ ಕಡೆ ಈ ಕಡೆ ನೋಡಿ, "ಅಮ್ಮನವರು ಯಾವತ್ತಾದರೂ ಸೇತುವೆ ಕಟ್ಟಿದ್ದೀರಾ? ಇದು ತಿಳಿದವರ ವಿಷಯ," ಎಂದರು. "ಇಲ್ಲ. ನೀವು ಕಟ್ಟಿದ್ದೀರಾ?" ಎಂದು ಇವರು ಕೇಳಿದರು. ಕಟ್ಟಿದ್ದರೆ ಈ ವ್ಯಾಜ್ಯವಾದರೂ ಯಾಕಿರುತ್ತಿತ್ತು?

ಕಾಯಿದೆಯ ಅರ್ಥ ಹೇಳುವುದು ನ್ಯಾಯಾಲಯದ ಕೆಲಸ, ಇಲಾಖೆಯದಲ್ಲ ಎಂದು ವಿಮಲಾಕ್ಷಿಯಮ್ಮ ಘೋಷಿಸಿದಾಗ ಕೆಂಪಾಜಮ್ಮ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ನನಗೂ ಕಣ್ಣು ತುಂಬಿ ಬಂತು. ಆದರೆ ಅಮ್ಮನವರದು ಪಕ್ಕಾ ಕೆಲಸ. ಒಂದು ಅರ್ಥ ಸರಿಯಾಗಬೇಕಾದರೆ ಅದರ ಹಿಂದಿನ ಅರ್ಥವೂ ಸರಿಯಾಗಬೇಕು, ಅದರ ಹಿಂದಿನದೂ ಸರಿಯಾಗಬೇಕು ಎಂದು ನಲವತ್ತು ವರ್ಷದಲ್ಲಿ ವಜಾ ಆದ ಅರ್ಜಿಗಳನ್ನೆಲ್ಲ ಅಟ್ಟದಿಂದ ಇಳಿಸಿದರು. ಎಲ್ಲವನ್ನೂ ದೋಣಿಯ ಅರ್ಜಿಯ ಜೊತೆ ಸೇರಿಸಿ ಒಂದೇ ಪ್ರಕರಣ ಮಾಡಿದರು. ಬೆಳಿಗ್ಗೆಯಿಂದ ನಾಲ್ಕರವರೆಗೆ ಓದುವರು, ಬರೆಯುವರು, ಹೊಡೆದು ಹಾಕಿ ಮತ್ತೆ ಬರೆಯುವರು. ಅತ್ತ ಮೇಲಿನ ಸೀಮೆಯಲ್ಲಿ ಮೃಗಶಿರ ಹಿಡಿಯಿತು. ನೀರು ದೋಣಿಯ ಅಂಚು ದಾಟಿ ನಿಂಗಯ್ಯನ ಮೊಣಕಾಲಿಗೆ ಬಂತು. ಆರಿದ್ರಾದಲ್ಲಿ ಸೊಂಟಕ್ಕೆ ಬಂತು. ಕಪ್ಪು ಹಳದಿ ಪಟ್ಟೆ ಕಾಣದಾಯಿತು.

ಕೆಂಪಾಜಮ್ಮ ಈಗ ಬುತ್ತಿ ಕಟ್ಟಿಕೊಂಡು ಈಜಿ ಹೋಗಬೇಕಿತ್ತು. ಒಂದು ದಿನ ಒದ್ದೆ ಸೀರೆಯಲ್ಲೇ ಬಂದು ನ್ಯಾಯಾಧೀಶೆಯ ಮುಂದೆ ನಿಂತಳು. "ತಾಯಿ, ತಡೆಯಾಜ್ಞೆ ಅಂತ ಏನೋ ಕೊಡ್ತಾರಂತಲ್ಲ, ಅದ್ನಾರ ಕೊಡಿ," ಎಂದಳು. ವಿಮಲಾಕ್ಷಿಯಮ್ಮ ಕನ್ನಡಕ ತೆಗೆದರು. "ತಡೆಯಾಜ್ಞೆ ಕೊಟ್ಟರೆ ಈ ಊರಲ್ಲಿ ಎಲ್ಲಾ ಇದ್ದ ಹಾಗೇ ನಿಂತುಬಿಡುತ್ತಮ್ಮ. ಈಗ ಅವನ ಕಾಲು ಮಾತ್ರ ನಿಂತಿದೆ. ಆಮೇಲೆ ಉಸಿರೂ ನಿಲ್ಲುತ್ತೆ." "ಹಂಗಾರೆ ದೋಣಿದೊಂದು ಮೊದ್ಲು ಹೇಳ್ಬಿಡಿ. ಮಿಕ್ಕಿದ್ದು ನಿಧಾನಕ್ಕೆ ಹೇಳೀರಂತೆ." "ಹಾಗೆ ಬರೋದಿಲ್ಲ. ಹಳೇ ಅರ್ಜಿ ಮೊದಲು, ಹೊಸ ಅರ್ಜಿ ಕೊನೆಗೆ. ಮೂವತ್ತು ವರ್ಷದಿಂದ ಕಾದವರು ಇದ್ದಾರೆ. ನಿನ್ನ ಗಂಡನಿಗಿಂತ ಮೊದಲು ಬಂದವರನ್ನ ನಾನು ಹೇಗೆ ಹಿಂದೆ ತಳ್ಳಲಿ?" ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ನ್ಯಾಯವೇ ಹೇಳಿದರು. ಅದೇ ನೋಡಿ ತೊಂದರೆ, ಅವರು ಹೇಳಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಆಗುತ್ತಿರಲಿಲ್ಲ.

ಪುನರ್ವಸು ಹುಟ್ಟಿದ ನಾಲ್ಕನೆಯ ದಿನ ತೀರ್ಪು ಸಿದ್ಧವಾಯಿತು. ಇನ್ನೂರ ಹನ್ನೆರಡು ಹಾಳೆ. ದಬ್ಬಳ ದಾರ ಹಿಡಿದು ಹೊಲಿದವನು ನಾನೇ. ಹೊಲಿಯುವಾಗ ಕಣ್ಣು ಸುಮ್ಮನಿರುತ್ತದೆಯೇ? ಹಲಸು ಹನ್ನೊಂದನೆಯ ಹಾಳೆಯಲ್ಲಿತ್ತು. ಸಂಜೆ ಅರವತ್ತೆರಡರಲ್ಲಿ. ನೂರ ನಲವತ್ತನೆಯ ಹಾಳೆಯಲ್ಲಿ ನಮ್ಮಣ್ಣನ ಹೆಸರಿತ್ತು, ತಂದೆಯ ಹೆಸರಿನ ಸಮೇತ. ಅದನ್ನು ಮೂರು ಸಲ ಓದಿದೆ. ಕೊನೆಯ ಹಾಳೆಯಲ್ಲಿ ದೋಣಿ. ಆ ಸಂಜೆ ಮನೆಗೆ ಹೋಗಿ ಅಣ್ಣನಿಗೆ ಹೇಳಿದೆ. "ನಾಳೆ ಓದಾಕೆ ಶುರು ಮಾಡ್ತಾರೆ ಅಣ್ಣ. ದಿನಕ್ಕೆ ಎಪ್ಪತ್ತು ಹಾಳೆ ಹಿಡುದ್ರೂ ನಾಡಿದ್ದು ನಿನ್ ಸರದಿ ಬತ್ತದೆ. ಮುದ್ದೆ ಉಣ್ಬೌದು." ಅಣ್ಣ ಎದ್ದು ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದವನೇ ಅತ್ತಿಗೆಗೆ, "ರಾಗಿ ಬೀಸಾಕ್ ಹಾಕು. ಅವರೆಕಾಳು ಐತಾ?" ಎಂದು ಕೇಳಿದ. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಮಾರನೆಯ ದಿನ ನ್ಯಾಯಾಲಯ ಕಿಕ್ಕಿರಿದಿತ್ತು. ನಾನು ನ್ಯಾಯಾಧೀಶೆಯ ಬಲಗಡೆ ನಿಂತೆ. ನನ್ನ ಎದುರಿಗೇ ದೊಡ್ಡ ಕಿಟಕಿ, ಅದರಾಚೆ ಹೊಳೆ. ಕೆಂಪಗೆ ಉಕ್ಕಿ ಹರಿಯುತ್ತಿತ್ತು. ನಡುವೆ ನಿಂಗಯ್ಯನ ಭುಜ ತಲೆ ಮಾತ್ರ ಕಾಣುತ್ತಿತ್ತು. ಕೆಂಪಾಜಮ್ಮ ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿದ್ದಳು. ಕಿಟಕಿ ನ್ಯಾಯಾಧೀಶೆಯ ಎಡಕ್ಕಿತ್ತು, ಅವರು ಕಣ್ಣೆತ್ತಿ ಆ ಕಡೆ ನೋಡಲಿಲ್ಲ. ನಿಧಾನವಾಗಿ, ಒಂದೊಂದು ಮಾತಿಗೂ ನಿಂತು, ಇಲಾಖೆ ಹೇಳಿದ್ದೇನು, ಪುಸ್ತಕ ಹೇಳುವುದೇನು, ಯಾಕೆ ಎಂದು ಕಾರಣ ಕೊಡುತ್ತಾ ಓದಿದರು. ಕಾರಣ ಕೇಳಿಯೇ ಗೊತ್ತಿಲ್ಲದ ನಮ್ಮೂರವರಿಗೆ ಮೊದಲ ನಾಲ್ಕು ಹಾಳೆ ಹಬ್ಬವಾಯಿತು. ಐದನೆಯದಕ್ಕೆ ಆಕಳಿಕೆ ಬಂತು. ಇಪ್ಪತ್ತೈದು ವರ್ಷದಿಂದ ಮಡಚಿದ್ದ ನನ್ನ ಬೆರಳು ಹಾಳೆ ತಿರುವಿ ತಿರುವಿ ಸಡಿಲವಾಗಿತ್ತು.

ಹನ್ನೊಂದನೆಯ ಹಾಳೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಹಲಸು ತರಕಾರಿಯೂ ಹೌದು ಹಣ್ಣೂ ಹೌದು ಎಂದು ಓದಿ ಅವರು ನಿಲ್ಲಿಸುವಷ್ಟರಲ್ಲಿ ಹೊರಗಿನಿಂದ ಘಮ್ಮೆಂದು ವಾಸನೆ ನುಗ್ಗಿತು. ಮೂವತ್ತು ವರ್ಷ ತಡೆದಿಟ್ಟಿದ್ದನ್ನು ಮರಗಳು ಒಂದೇ ಉಸಿರಿಗೆ ಬಿಟ್ಟಂತಿತ್ತು. ಜನ ಎದ್ದು ಓಡಿದರು. ವಕೀಲರು ಓಡಿದರು, ಪೇದೆಗಳು ಓಡಿದರು. ಹಲಸಿನ ಹಣ್ಣನ್ನು ಕಂಡೇ ಇರದ ಹುಡುಗರು ಹಿಂದೆ ಹಿಂದೆ ಓಡಿದರು. ಸಭೆಯಲ್ಲಿ ಉಳಿದವರು ನಾಲ್ವರು. ನ್ಯಾಯಾಧೀಶೆ, ನಾನು, ಕೆಂಪಾಜಮ್ಮ, ಮತ್ತೆ ಮೂಲೆಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಚಿದಂಬರಯ್ಯ. ವಿಮಲಾಕ್ಷಿಯಮ್ಮ ಖಾಲಿ ಬೆಂಚುಗಳನ್ನು ಒಮ್ಮೆ ನೋಡಿ, ಹನ್ನೆರಡನೆಯ ಹಾಳೆ ಎಂದರು. ತಿರುವಿದೆ.

ಮೂರು ಗಂಟೆಗೆ ಇಪ್ಪತ್ತನೆಯ ಹಾಳೆ. ಕಿಟಕಿಯಲ್ಲಿ ನಿಂಗಯ್ಯನ ಭುಜ ಕಾಣಲಿಲ್ಲ, ಕುತ್ತಿಗೆಯಿತ್ತು. ದಿನಕ್ಕೆ ಎಪ್ಪತ್ತು ಎಂದು ನಾನು ಹಾಕಿದ್ದ ಲೆಕ್ಕ ನೀರಿಗೆ ಹೋಗಿತ್ತು. ಮೂರೂವರೆಗೆ ಇಪ್ಪತ್ತೆರಡು. ಕೆಂಪಾಜಮ್ಮ ಎದ್ದು ಬಂದು ಕಟಕಟೆ ಹಿಡಿದುಕೊಂಡಳು. "ತಾಯಿ, ನಿಮ್ ಕಾಲಿಗೆ ಬೀಳ್ತೀನಿ, ಕೊನೇ ಹಾಳೆ ಓದಿ. ಒಂದೇ ಒಂದು ಹಾಳೆ." ವಿಮಲಾಕ್ಷಿಯಮ್ಮ ಎರಡೂ ಕೈಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡರು. "ಕೂತ್ಕೋಮ್ಮ. ನಾನು ಎದುರಿಗೆ ಬಂದದ್ದನ್ನಷ್ಟೇ ಓದಬಲ್ಲೆ. ಮುಟ್ಟೋ ಅಧಿಕಾರ ನನಗಿಲ್ಲ." ಮುಂದಕ್ಕೆ ಓದಿದರು. ಅದು ಕತ್ತೆಯ ಸುಂಕಕ್ಕೆ ಸಂಬಂಧಿಸಿದ್ದು ಎಂದು ನೆನಪು.

ಮೂರೂಮುಕ್ಕಾಲಿಗೆ ಇಪ್ಪತ್ನಾಲ್ಕನೆಯ ಹಾಳೆ ಮುಗಿಯಿತು. ಇನ್ನು ಕಾಲು ಗಂಟೆಗೆ ಕತ್ತಲಾಗುತ್ತದೆ, ನ್ಯಾಯಾಲಯ ಏಳುತ್ತದೆ, ನಾಳೆ ಬೆಳಿಗ್ಗೆ ಮತ್ತೆ ಕೂರುತ್ತದೆ. ಕಿಟಕಿಯಲ್ಲಿ ನಿಂಗಯ್ಯ ಮುಖವನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದ. ನೀರು ಗಲ್ಲ ದಾಟಿ ತುಟಿಗೆ ಬಡಿಯುತ್ತಿತ್ತು. ಬಾಯಿಬಡುಕ ಬಾಯಿ ಮುಚ್ಚಿಕೊಂಡಿದ್ದ. "ಮುಂದಿನ ಹಾಳೆ," ಎಂದರು ನ್ಯಾಯಾಧೀಶೆ. ನನ್ನ ಬೆರಳು ಇಪ್ಪತ್ತೈದರ ಅಂಚಿನ ಮೇಲಿತ್ತು. ನೂರ ನಲವತ್ತು ಎಲ್ಲಿದೆ ಎಂಬುದು ಕಣ್ಣು ಮುಚ್ಚಿದರೂ ಕಾಣುತ್ತಿತ್ತು; ಹೊಲಿಗೆ ಅಲ್ಲಿ ಸ್ವಲ್ಪ ಬಿಗಿಯಾಗಿ ಬಿದ್ದಿತ್ತು. ನಾನು ಧೈರ್ಯಸ್ಥನಲ್ಲ. ಇಪ್ಪತ್ತಾರು ವರ್ಷ ಯಾರೂ ಹೇಳದ ಕೆಲಸವನ್ನು ನಾನು ಮಾಡಿದವನಲ್ಲ. ಅಣ್ಣನನ್ನು ನೆನೆಸಿಕೊಂಡೆ, ನೆನೆಸಿಕೊಂಡೇ ಹೆಬ್ಬೆರಳನ್ನು ಕಟ್ಟಿನ ತಳಕ್ಕೆ ತೂರಿಸಿ ಎಲ್ಲವನ್ನೂ ಒಟ್ಟಿಗೆ ತಿರುವಿಬಿಟ್ಟೆ.

ಇನ್ನೂರ ಹನ್ನೆರಡನೆಯ ಹಾಳೆ ಅವರ ಎದುರಿಗೆ ಬಿತ್ತು. ವಿಮಲಾಕ್ಷಿಯಮ್ಮ ಸಂಖ್ಯೆ ನೋಡಿದರು. ನನ್ನನ್ನು ನೋಡಿದರು. ಆಮೇಲೆ, ಬೆಳಿಗ್ಗೆಯಿಂದ ಮೊದಲ ಸಲ, ಕಿಟಕಿಯ ಕಡೆ ನೋಡಿದರು. ಚಿದಂಬರಯ್ಯ ಎದ್ದು ನಿಂತು, "ಅಮ್ಮ, ಹಾಳೆ ತಪ್ಪಿದೆ, ಹಾಳೆ ತಪ್ಪಿದೆ!" ಎಂದು ಕೂಗಿದರು. "ಕೂತ್ಕೊಳ್ಳಿ. ಎದುರಿಗೆ ಬಂದದ್ದನ್ನ ಓದಬೇಕು," ಎಂದು ಅಮ್ಮನವರು ಕನ್ನಡಕ ಸರಿಮಾಡಿಕೊಂಡು, ಒಂದು ಮಾತಿಗೂ ನಿಲ್ಲದೆ ಗಡಗಡನೆ ಓದಿದರು. "ಸೇತುವೆ ಎಂದರೆ ತಾನು ನಿಂತು ಜನರನ್ನು ನಡೆಸುವಂಥದ್ದು. ದೋಣಿ ಎಂದರೆ ತಾನು ನಡೆದು ಜನರನ್ನು ಕೂರಿಸುವಂಥದ್ದು. ದೋಣಿ ಸೇತುವೆಯಲ್ಲ. ಅಂಬಿಗ ಕಂಬವಲ್ಲ." ಹೊಳೆಯಲ್ಲಿ ದೋಣಿ ಒಣಗಿದ ಸೋರೆಬುರುಡೆಯಂತೆ ಮೇಲಕ್ಕೆ ಚಿಮ್ಮಿತು. ಅದರ ಅಂಚು ಹಿಡಿದುಕೊಂಡು ನೇತಾಡುತ್ತಾ, ಕೆಮ್ಮುತ್ತಾ, ಅಂಬಿಗರ ಭಾಷೆಯಲ್ಲಿ ಇಲಾಖೆಯ ಏಳು ತಲೆಮಾರನ್ನು ಬೈಯುತ್ತಾ ನಿಂಗಯ್ಯ ತೇಲಿಹೋದ. ಒಂದು ಫರ್ಲಾಂಗು ಕೆಳಗೆ ದಡ ಹಿಡಿದನಂತೆ. ಕೆಂಪಾಜಮ್ಮ ಅಷ್ಟು ಹೊತ್ತಿಗೆ ಬಾಗಿಲು ದಾಟಿ ಓಡಿದ್ದಳು.

ಮೊಹರು ಒತ್ತಿದ ಮೇಲೆ ವಿಮಲಾಕ್ಷಿಯಮ್ಮ ಮೆಲ್ಲಗೆ, "ಎಷ್ಟು ಹಾಳೆ ಹೋಯ್ತು ಜವರಯ್ಯ?" ಎಂದು ಕೇಳಿದರು. "ನೂರ ಎಂಬತ್ತೇಳು, ಅಮ್ಮ." "ಒಮ್ಮೆ ತೀರ್ಮಾನವಾದ ಅರ್ಜಿಯನ್ನ ಮತ್ತೆ ಎತ್ತೋ ಹಾಗಿಲ್ಲ. ಕಾಯಿದೆಯಲ್ಲೇ ಇದೆ. ನಾನೇ ಓದಿದೆ," ಎಂದರು. ಹೊರಗೆ ಕತ್ತಲಾಯಿತು. ಅವರು ದೀಪ ಹಚ್ಚಿಸಿ, ನನ್ನನ್ನು ಕೆಲಸದಿಂದ ತೆಗೆದ ಆದೇಶಕ್ಕೆ ತಾವೇ ಸಹಿ ಹಾಕಿದರು. ಹಾಕುವಾಗ ಕಣ್ಣೊರೆಸಿಕೊಂಡರು. ಅದನ್ನೂ ಪಕ್ಕಾ ಬರೆದಿದ್ದರು, ಒಂದೂವರೆ ಹಾಳೆ. ಜಗುಲಿಯ ಮೇಲೆ ಚಿದಂಬರಯ್ಯ ನನ್ನ ಕೈ ಹಿಡಿದು ಕುಲುಕಿ, "ಇಪ್ಪತ್ತೊಂಬತ್ತು ಅರ್ಥದಲ್ಲಿ ಇಪ್ಪತ್ತೈದು ಉಳಿಸಿಕೊಟ್ಟೆಯಲ್ಲಯ್ಯ! ಇಲಾಖೆಗೆ ನಿನ್ನಂಥೋರು ಬೇಕು, ಬಾ," ಎಂದು ಕರೆದರು. ಆ ವರ್ಷದ ಸೇತುವೆ ಅವರ ಪಟ್ಟಿಯಲ್ಲಿ ಮತ್ತೆ ಖಾಲಿ ಬಿದ್ದಿತ್ತು. ಎಲ್ಲಿ ತಮ್ಮನ್ನೇ ಸೇತುವೆ ಎಂದು ಅಂಟಿಸಿಬಿಡುತ್ತಾರೋ ಎಂದು ಆಮೇಲೆ ಬಹಳ ದಿನ ನಮ್ಮೂರ ಉದ್ದ ಕಾಲಿನವರು ಹೊಳೆಯ ಕಡೆ ಸುಳಿಯಲಿಲ್ಲ.

ಮನೆಗೆ ಹೋಗುವ ದಾರಿಯ ಉದ್ದಕ್ಕೂ ಹಲಸಿನ ತೊಳೆ ತಿನ್ನುತ್ತಿದ್ದವರು ನನ್ನನ್ನು ಕಂಡು ಬಾಯಿ ನಿಲ್ಲಿಸಿದರು. ಸುದ್ದಿ ನನಗಿಂತ ಮುಂದೆ ಹೋಗಿತ್ತು. ಒಬ್ಬಳು, "ಇವ್ನಿಂದ ನಾಲ್ಕು ಗಂಟೆಗೇ ಕತ್ಲೆ ಇನ್ನು ಜನ್ಮಕ್ಕೂ," ಎಂದಳು. ಸುಳ್ಳೇನಲ್ಲ. ನಾನು ತಲೆ ಬಗ್ಗಿಸಿಕೊಂಡು ನಡೆದೆ.

ನಮ್ಮ ಮನೆಗೆ ಮಾತ್ರ ಯಾರೂ ಹೇಳಿರಲಿಲ್ಲ, ಹೇಳಲು ಬಾಯಿ ಬಂದಿರಲಿಕ್ಕಿಲ್ಲ. ನಾಡಿದ್ದು ಎಂದಿದ್ದರೂ ಅತ್ತಿಗೆ ಅಂದೇ ಮುದ್ದೆ ಕಟ್ಟಿ, ಅವರೆಕಾಳಿನ ಸಾರು ಮಾಡಿದ್ದಳು. ಅಣ್ಣ ಹನ್ನೊಂದು ವರ್ಷದ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಮುಖ ಈ ಕಡೆ ಮಾಡಿ ತಟ್ಟೆಯ ಮುಂದೆ ಕೂತಿದ್ದ. ಗಳಿಗೆಗೊಂದು ಸಲ ಚೂರು ಮುರಿದು ನಾಲಿಗೆಗಿಟ್ಟು ನೋಡುತ್ತಿದ್ದನಂತೆ, ಎಲ್ಲಾದರೂ ಬೇಗ ಓದಿಬಿಟ್ಟರೇನೋ ಎಂದು. ನಾನು ಬಾಗಿಲಲ್ಲೇ ನಿಂತು ಹೇಳಿದೆ. ನಿಂಗಯ್ಯ ಬದುಕಿದ್ದು ಹೇಳಿದೆ, ಹಾಳೆ ತಿರುವಿದ್ದು ಹೇಳಿದೆ, ನೂರ ನಲವತ್ತು ರದ್ದಿಯಾದದ್ದು ಹೇಳಿದೆ. ಅತ್ತಿಗೆ ಒಲೆಯ ಮುಂದೆ ಕೂತುಬಿಟ್ಟಳು.

ಅಣ್ಣ ಕೈಯಲ್ಲಿದ್ದ ಚೂರನ್ನು ತಟ್ಟೆಗೆ ಹಾಕಿದ. ಆಮೇಲೆ, "ಆ ಹಾಳೆ ನೀನು ಓದಿದ್ಯಲ್ಲ ಜವ್ರ. ಏನಂತ ಬರ್ದಿದ್ರು?" ಎಂದು ಕೇಳಿದ. ನನಗೆ ಬಾಯಿಪಾಠವಾಗಿತ್ತು. "ಹೊನ್ನಯ್ಯ ಬಿನ್ ಕಾಳಯ್ಯ, ಹಮಾಲಿ, ಹೊರೆ ಹೊರುತ್ತಾನೆ. ಹೊರೆ ಹೊತ್ತ ಮಾತ್ರಕ್ಕೆ ಅವನು ಪ್ರಾಣಿಯಲ್ಲ. ಅವನು ಮನುಷ್ಯ," ಎಂದೆ. "ಹಂಗಂತ ಬರ್ದಿದ್ರಾ?" "ಹಂಗೇ ಬರ್ದಿದ್ರು ಅಣ್ಣ." "ಇನ್ನೊಂದ್ಸಲ ಹೇಳು." ಹೇಳಿದೆ. ಅವನು ಒಂದು ಚೂರು ಮುದ್ದೆ ಬಾಯಿಗಿಟ್ಟ, ಅಗಿದ, ಎದ್ದು ಹೋಗಿ ಹಿತ್ತಲಲ್ಲಿ ಉಗಿದು ಬಾಯಿ ತೊಳೆದುಕೊಂಡು ಬಂದ. ಬಂದು ತಟ್ಟೆಯನ್ನು ನನ್ನ ಕಡೆ ತಳ್ಳಿದ. "ಬೆಳಿಗ್ಗೆಯಿಂದ ನಿಂತಿದ್ದೀಯ, ಉಣ್ಣು. ಆರೋಯ್ತದೆ," ಎಂದ.

ಒಲ್ಲೆ ಎನ್ನಲು ನನ್ನಿಂದಾಗಲಿಲ್ಲ. ಕೂತು ಮುರಿದೆ, ಸಾರಿಗೆ ಅದ್ದಿದೆ, ನುಂಗಿದೆ. ಅಣ್ಣ ಎದುರಿಗೆ ಕೂತು ಒಂದೊಂದು ತುತ್ತೂ ನನ್ನ ಬಾಯಿಗೆ ಹೋಗುವುದನ್ನು ನೋಡುತ್ತಿದ್ದ.

"ಹೆಂಗೈತೆ?" ಎಂದ.

"ಚೆಂದಾಗೈತೆ ಅಣ್ಣ."

"ಉಪ್ಪು?"

"ಸರ್ಯಾಗೈತೆ," ಎಂದೆ.